ವಿದೇಶಿ ಕಾರುಗಳ ಪ್ರೆಪ್ ಯಾರ್ಡಿಗೆ ಅಮೆರಿಕದಲ್ಲಿ ಫಾರಿನ್ ಟ್ರೇಡ್ ಝೋನ್ ಸ್ಟೇಟಸ್ ತಗೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಹಡಗಿಂದ ಇಳಿದ ಕಾರು ಸೀದಾ ಶೋರೂಮಿಗೆ ಹೋಗಲ್ಲ. ಮೊದ್ಲು ಬಂದರಿನ ಪಕ್ಕದಲ್ಲಿರೋ ಯಾರ್ಡಿಗೆ ಹೋಗತ್ತೆ, ಅಲ್ಲಿ ಮೈಮೇಲಿನ ಪ್ಲಾಸ್ಟಿಕ್ ಕಿತ್ತು, ತೊಳೆದು, ಗೀರು ಡೆಂಟ್ ನೋಡಿ, ಬ್ಯಾಟರಿ ಚೆಕ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಡೀಲರ್ ಕೇಳಿದ ರೂಫ್ ರ್ಯಾಕು, ಮ್ಯಾಟು, ವೀಲ್ ಲಾಕು ಫಿಟ್ ಮಾಡಿ, ಕಿಟಕಿಗೆ ಬೆಲೆ ಸ್ಟಿಕ್ಕರ್ ಅಂಟಿಸಿ ಆಮೇಲೆ ಟ್ರಕ್ಕಿಗೆ ಹತ್ತಿಸ್ತಾರೆ. ಇದಕ್ಕೆ ವೆಹಿಕಲ್ ಪ್ರೊಸೆಸಿಂಗ್ ಸೆಂಟರ್ ಅಂತಾರೆ, ವಿಪಿಸಿ ಅಂದ್ರೆ ಇದೇ. ಜಾರ್ಜಿಯಾದ ಬ್ರನ್ಸ್‌ವಿಕ್, ಮೇರಿಲ್ಯಾಂಡಿನ ಬಾಲ್ಟಿಮೋರ್, ಫ್ಲೋರಿಡಾದ ಜಾಕ್ಸನ್‌ವಿಲ್, ಕ್ಯಾಲಿಫೋರ್ನಿಯಾದ ಪೋರ್ಟ್ ವೈನೀಮಿ ಇಲ್ಲೆಲ್ಲಾ ನೂರಾರು ಎಕರೆ ಇಂಥ ಯಾರ್ಡುಗಳಿವೆ.

ಕಾರು ಈ ಯಾರ್ಡಲ್ಲಿ ವಾರಗಟ್ಟಲೆ, ಮಾರ್ಕೆಟ್ ಡಲ್ ಇದ್ರೆ ತಿಂಗಳುಗಟ್ಟಲೆ ನಿಂತಿರತ್ತೆ, ಆದ್ರೆ ಸಾಮಾನ್ಯ ರೀತಿಯಲ್ಲಿ ಎಂಟ್ರಿ ಮಾಡಿದ್ರೆ (ಎಂಟ್ರಿ ಅಂದ್ರೆ ಮಾಲು ದೇಶದೊಳಗೆ ಬಿಡಿಸ್ಕೊಳ್ಳೋಕೆ ಕಸ್ಟಮ್ಸ್‌ಗೆ ಕೊಡೋ ಘೋಷಣೆ) ಡ್ಯೂಟಿ, ಅಂದ್ರೆ ಆಮದು ಸುಂಕ, ಮಾತ್ರ ಹಡಗು ಬಂದ ಕೂಡ್ಲೇ ಕಟ್ಟಬೇಕು. ಅದೇ ಯಾರ್ಡ್ ಫಾರಿನ್ ಟ್ರೇಡ್ ಝೋನ್, ಅಂದ್ರೆ ಡ್ಯೂಟಿ ವಿಷಯಕ್ಕೆ ಮಾತ್ರ ದೇಶದ ಹೊರಗಿದೆ ಅಂತ ಲೆಕ್ಕ ಹಾಕೋ ಜಾಗ ಆಗಿದ್ರೆ, ಕಾರು ಯಾರ್ಡ್ ಬಿಟ್ಟು ಡೀಲರ್ ಕಡೆ ಹೊರಟಾಗ ಕಟ್ಟಿದ್ರೆ ಸಾಕು. ಬೆಂಗ್ಳೂರಲ್ಲಿ ಕೂತು ಅಮೆರಿಕದ ಕಂಪನಿಗಳ ಟ್ರೇಡ್ ಕಂಪ್ಲಯನ್ಸ್ ಫೈಲ್ ನೋಡ್ತಿರೋ ನಮ್ಮವರು ಸುಮಾರು ಜನ ಇದ್ದಾರೆ, ಅಲ್ಲೇ ಬಂದರು ಊರುಗಳಲ್ಲಿ ಲಾಜಿಸ್ಟಿಕ್ಸ್ ಕೆಲಸದಲ್ಲಿರೋರೂ ಇದ್ದಾರೆ, ಅವರನ್ನ ಮನಸ್ಸಲ್ಲಿಟ್ಕೊಂಡು ಬರೀತಿದೀನಿ. ನಾನು ಒತ್ತಿ ಹೇಳೋದು ಒಂದೇ ಮಾತು: ಝೋನ್ ಅಂತ ಹೆಸರು ಸಿಗೋದು ಸುಲಭದ ಭಾಗ, ಒಂದೊಂದು ಕಾರಿನ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಯಾವಾಗ ಒಳಗೆ ಬಂತು, ಎಲ್ಲಿ ನಿಂತಿದೆ, ಏನು ಕೆಲಸ ಆಯ್ತು, ಯಾವ ಎಂಟ್ರಿಯಲ್ಲಿ ಹೊರಗೆ ಹೋಯ್ತು ಅಂತ ತೋರಿಸೋ ವ್ಯವಸ್ಥೆ ಕಟ್ಟೋದೇ ನಿಜವಾದ ಕೆಲಸ. ಆದ್ರಿಂದ ಅಲ್ಲಿಂದ್ಲೇ ಪ್ಲಾನ್ ಶುರು ಮಾಡಿ.

ಮೊದ್ಲು ಲೆಕ್ಕ ಹಾಕಿ

ಅರ್ಜಿ ಬರೆಯೋಕ್ಮುಂಚೆ ಒಂದು ಎಕ್ಸೆಲ್ ಶೀಟ್ ತೆಗೀರಿ. ಉದಾಹರಣೆಗೆ ಒಂದು ಕಾರಿನ ಕಸ್ಟಮ್ಸ್ ಬೆಲೆ 30,000 ಡಾಲರ್, ಯಾರ್ಡಲ್ಲಿ ಯಾವಾಗ್ಲೂ ಸರಾಸರಿ 3,000 ಕಾರು ನಿಂತಿರತ್ತೆ ಅಂದ್ಕೊಳ್ಳಿ. ಪ್ಯಾಸೆಂಜರ್ ಕಾರಿನ ಮೂಲ ಡ್ಯೂಟಿ 2.5%, ಅಂದ್ರೆ ಕಾರಿಗೆ 750 ಡಾಲರ್, 3,000 ಕಾರಿಗೆ 22,50,000 ಡಾಲರ್ ಕಟ್ಟಿಬಿಟ್ಟು ಕೂತಿರ್ತೀರಿ, ವರ್ಷಕ್ಕೆ 6% ಬಡ್ಡಿ ಹಾಕಿದ್ರೂ 1,35,000 ಡಾಲರ್. ಹಿಂದೆ ಎಷ್ಟೋ ಕಂಪನಿಗಳು ಇಷ್ಟಕ್ಕೆ ಯಾಕೆ ತಲೆನೋವು ಅಂತ ಸುಮ್ಮನಿದ್ದಿದ್ದಕ್ಕೆ ಅರ್ಥ ಇತ್ತು. ಈಗ ಅದೇ ಲೆಕ್ಕ 15%ಗೆ ಹಾಕಿ, ಕಾರಿಗೆ 4,500, ಒಟ್ಟು 1,35,00,000 ಡಾಲರ್, ವರ್ಷದ ಬಡ್ಡಿ 8,10,000. 2025ರ ಏಪ್ರಿಲ್ 3ರಿಂದ ಸೆಕ್ಷನ್ 232 (ರಾಷ್ಟ್ರೀಯ ಭದ್ರತೆ ಕಾರಣಕ್ಕೆ ಆಮದಿನ ಮೇಲೆ ಡ್ಯೂಟಿ ಹಾಕೋಕೆ ಬಿಡೋ ಕಾನೂನು) ಅಡಿಯಲ್ಲಿ ಕಾರುಗಳ ಮೇಲೆ 25% ಹೆಚ್ಚುವರಿ ಡ್ಯೂಟಿ ಬಂತು, ಅದೇ ವರ್ಷ ಒಪ್ಪಂದಗಳಾಗಿ ಜಪಾನ್ ಮತ್ತು ಯುರೋಪಿಯನ್ ಯೂನಿಯನ್ ಕಾರುಗಳಿಗೆ ಒಟ್ಟು 15% ಅಂತಾಯ್ತು, ಬ್ರಿಟನ್ ಕಾರುಗಳಿಗೆ ವರ್ಷಕ್ಕೆ 1,00,000 ಗಾಡಿಯ ಕೋಟಾದೊಳಗೆ 10%. ರೇಟು ಆಗಾಗ ಬದಲಾಗ್ತಾನೇ ಇರೋದ್ರಿಂದ ಅರ್ಜಿ ಹಾಕೋ ದಿನ ಇರೋ ರೇಟನ್ನೇ ಶೀಟಲ್ಲಿ ಹಾಕಿ.

ಇನ್ನೊಂದು ಉಳಿತಾಯ ಅಂತ ಎಲ್ಲ ಕನ್ಸಲ್ಟೆಂಟುಗಳೂ ಹೇಳೋದು ಮರ್ಚಂಡೈಸ್ ಪ್ರೊಸೆಸಿಂಗ್ ಫೀ, ಅಂದ್ರೆ ಎಂಟ್ರಿ ನೋಡೋಕೆ ಕಸ್ಟಮ್ಸ್ ತಗೊಳ್ಳೋ ಶುಲ್ಕ. ಇದು ಬೆಲೆಯ 0.3464%, ಆದ್ರೆ ಒಂದು ಎಂಟ್ರಿಗೆ ಗರಿಷ್ಠ ಮಿತಿ ಇದೆ, 600 ಡಾಲರ್ ಚಿಲ್ಲರೆ, ಪ್ರತಿ ವರ್ಷ ಸ್ವಲ್ಪ ಏರತ್ತೆ. ಝೋನಲ್ಲಿ ವಾರಕ್ಕೊಂದೇ ಎಂಟ್ರಿ ಮಾಡಬಹುದಾದ್ರಿಂದ ದಿನಕ್ಕೆ ಹತ್ತಾರು ಎಂಟ್ರಿ ಮಾಡೋ ಗೋಡೌನುಗಳಿಗೆ ಇದು ದೊಡ್ಡ ದುಡ್ಡು. ಕಾರಿನವರಿಗೆ ಹಂಗಲ್ಲ. ಆರೇಳು ಕಾರಿಗೇ ಮಿತಿ ಮುಟ್ಟಿಬಿಡತ್ತೆ, ಇಡೀ ರೋರೋ ಹಡಗಿನ (ಕಾರು ಓಡಿಸ್ಕೊಂಡೇ ಹತ್ತಿಸಿ ಇಳಿಸೋ ಹಡಗು) ಸಾವಿರಾರು ಕಾರನ್ನ ಒಂದೇ ಎಂಟ್ರಿಯಲ್ಲಿ ತರ್ತಿದ್ರೆ ನಿಮಗೆ ಉಳಿಯೋದು ಚೂರುಪಾರು. ಇದನ್ನ ದೊಡ್ಡದಾಗಿ ತೋರಿಸಿ ಪ್ರಾಜೆಕ್ಟ್ ಮಾರೋಕೆ ಬಂದವರ ಉಳಿದ ಲೆಕ್ಕಗಳನ್ನೂ ಇನ್ನೊಂದ್ಸಲ ನೋಡಿ. ಹಾರ್ಬರ್ ಮೇಂಟೆನೆನ್ಸ್ ಫೀ 0.125%, ಅದನ್ನ ಝೋನಿನವರು ಮೂರು ತಿಂಗಳಿಗೊಮ್ಮೆ ಕಟ್ಟಬಹುದು, ಆದ್ರೆ ತಪ್ಪಿಸೋಕಾಗಲ್ಲ.

ನಿಜಕ್ಕೂ ಬೆಲೆ ಇರೋದು ಇನ್ನೆರಡು ಕಡೆ. ಯಾರ್ಡಿಗೆ ಬಂದ ಕಾರನ್ನ ಬೇರೆ ದೇಶಕ್ಕೆ ಕಳಿಸಿದ್ರೆ ಅಮೆರಿಕದ ಡ್ಯೂಟಿನೇ ಇಲ್ಲ, ಕಟ್ಟಿ ವಾಪಸ್ ಕೇಳೋ ರಗಳೆ ಇಲ್ಲ. ಕೆನಡಾ ಮೆಕ್ಸಿಕೋಗೆ ಕಳಿಸೋದಾದ್ರೆ ಮಾತ್ರ ಯುಎಸ್‌ಎಂಸಿಎ ಒಪ್ಪಂದದಲ್ಲಿ ಡ್ಯೂಟಿ ಡೆಫರಲ್ ಬಗ್ಗೆ ಬೇರೆ ನಿಯಮ ಇದೆ, ಬಂದ ಸ್ಥಿತಿಯಲ್ಲೇ ಹೋದ ಗಾಡಿಗೂ ಕೆಲಸ ಮಾಡಿ ಕಳಿಸಿದ ಗಾಡಿಗೂ ವ್ಯತ್ಯಾಸ ಬರತ್ತೆ, ಅದನ್ನ ಲಾಯರ್ ಹತ್ರ ಮೊದ್ಲೇ ಕೇಳ್ಕೊಳ್ಳಿ. ಎರಡನೇದು ಹಾಳಾದ ಕಾರು. 2012ರ ಅಕ್ಟೋಬರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಲ್ಲಿ ಸಾವಿರಾರು ಹೊಸ ಕಾರು ಉಪ್ಪುನೀರಲ್ಲಿ ಮುಳುಗಿದ್ವು. ಅಂಥ ಕಾರು ಝೋನ್ ಸ್ಟೇಟಸಲ್ಲಿದ್ರೆ ಕಸ್ಟಮ್ಸ್ ಪರ್ಮಿಟ್ ತಗೊಂಡು ನಾಶ ಮಾಡಬಹುದು, ಆ ಕಾರಿಗೆ ಡ್ಯೂಟಿ ಬರಲ್ಲ. ಇಂಥ ಯಾರ್ಡುಗಳು ಹೆಚ್ಚಾಗಿ ಬಂದರಿನ ಪಕ್ಕದಲ್ಲೇ ಇರೋದ್ರಿಂದ ಇದನ್ನ ಸಣ್ಣ ವಿಷಯ ಅಂತ ನಾನು ಒಪ್ಪಲ್ಲ.

ರೇಟ್ ಇಳಿಯತ್ತೆ ಅಂತ ಕಾಯೋಕೆ ಝೋನ್ ಬೇಕಾ?

ಇಲ್ಲಿ ತುಂಬ ಜನ ತಪ್ಪು ತಿಳ್ಕೊಂಡಿದ್ದಾರೆ. ಝೋನೊಳಗೆ ಬರೋ ವಿದೇಶಿ ಮಾಲಿಗೆ ಮುಖ್ಯವಾಗಿ ಎರಡು ಸ್ಟೇಟಸ್: ಪ್ರಿವಿಲೆಜ್ಡ್ ಫಾರಿನ್ ಅಂದ್ರೆ ಆ ಸ್ಟೇಟಸ್ ತಗೊಂಡ ದಿನದ ರೇಟು ಮತ್ತು ವರ್ಗೀಕರಣ (ಡ್ಯೂಟಿ ಪಟ್ಟಿಯಲ್ಲಿ ಮಾಲು ಯಾವ ಶೀರ್ಷಿಕೆಗೆ ಸೇರತ್ತೆ ಅನ್ನೋದು) ಫಿಕ್ಸ್ ಆಗಿಬಿಡತ್ತೆ, ನಾನ್‌ಪ್ರಿವಿಲೆಜ್ಡ್ ಅಂದ್ರೆ ಹೊರಗೆ ಹೋಗೋ ದಿನದ ರೇಟು. 232 ಆದೇಶ ಬಂದ್ಮೇಲೆ ಅದರ ವ್ಯಾಪ್ತಿಗೆ ಬರೋ ಕಾರು, ಬಿಡಿಭಾಗ ಎಲ್ಲವನ್ನೂ ಪ್ರಿವಿಲೆಜ್ಡ್ ಫಾರಿನ್ ಸ್ಟೇಟಸಲ್ಲೇ ಒಳಗೆ ತಗೋಬೇಕು ಅಂತ ಕಡ್ಡಾಯ. ಅಂದ್ರೆ ನಾಳೆ ರೇಟ್ ಇಳಿದ್ರೂ ನಿಮ್ಮ ಕಾರಿಗೆ ಇವತ್ತಿನ ರೇಟೇ ಅಂಟ್ಕೊಂಡಿರತ್ತೆ. ಹಾಗಾಗಿ ಝೋನಿಂದ ಸಿಗೋದು ಕಟ್ಟೋ ಸಮಯ ಮುಂದಕ್ಕೆ ಹೋಗೋ ಲಾಭ, ರೇಟಿನ ಲಾಭ ಅಲ್ಲ. ರೇಟ್ ಇಳಿಯೋದೇ ನಿಮ್ಮ ಆಸೆ ಆಗಿದ್ರೆ ಬಾಂಡೆಡ್ ವೇರ್‌ಹೌಸ್ (ಡ್ಯೂಟಿ ಕಟ್ಟೋಕ್ಮುಂಚೆ ಮಾಲು ಇಡೋ ಗೋಡೌನು) ನೋಡಿ, ಅಲ್ಲಿ ಹೊರಗೆ ತೆಗೆಯೋ ದಿನದ ರೇಟು, ಆದ್ರೆ 5 ವರ್ಷದ ಗಡುವಿದೆ, ಮತ್ತೆ ಅಲ್ಲಿ ತೊಳೆಯೋದು ವಿಂಗಡಿಸೋದು ಪ್ಯಾಕ್ ಮಾಡೋದು ಬಿಟ್ಟು ಜಾಸ್ತಿ ಕೆಲಸ ಮಾಡೋ ಹಂಗಿಲ್ಲ. ಝೋನಲ್ಲಿ ಕಾಲಮಿತಿ ಇಲ್ಲ.

ಯಾರು ಯಾರು ಇದ್ರಲ್ಲಿ

1934ರ ಫಾರಿನ್ ಟ್ರೇಡ್ ಝೋನ್ಸ್ ಕಾಯ್ದೆ ಇದಕ್ಕೆಲ್ಲಾ ಮೂಲ, ಮೊದಲ ಝೋನ್ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಲ್ಲಿ 1937ರಲ್ಲಿ ಶುರುವಾಯ್ತು. ವಾಷಿಂಗ್ಟನ್ನಲ್ಲಿ ಝೋನ್ ಬೋರ್ಡ್ ಇದೆ, ಕಾಮರ್ಸ್ ಮತ್ತು ಟ್ರೆಷರಿ ಕಾರ್ಯದರ್ಶಿಗಳು ಅದರ ಸದಸ್ಯರು, ಜಾಗಕ್ಕೆ ಝೋನ್ ಮಾನ್ಯತೆ ಕೊಡೋದು ಅವರು. ಆ ಜಾಗವನ್ನ ನಿಜವಾಗಿ ಚಾಲೂ ಮಾಡಿ ದಿನನಿತ್ಯ ಕಣ್ಣಿಡೋದು ಕಸ್ಟಮ್ಸ್, ಅಂದ್ರೆ ಸಿಬಿಪಿ. ಇವೆರಡರ ಮಧ್ಯೆ ಗ್ರಾಂಟೀ ಅಂತ ಒಂದು ಸಂಸ್ಥೆ ಇರತ್ತೆ, ಸಾಮಾನ್ಯವಾಗಿ ಬಂದರು ಮಂಡಳಿ, ನಗರಾಡಳಿತ ಅಥವಾ ಇದಕ್ಕೇ ಮಾಡಿದ ಸಂಸ್ಥೆ. ಬಾಲ್ಟಿಮೋರ್ ನಗರದ್ದು ಝೋನ್ 74, ಜಾಕ್ಸನ್‌ವಿಲ್ ಬಂದರಿನದು 64, ಟಕೋಮಾದ್ದು 86, ಬ್ರನ್ಸ್‌ವಿಕ್ಕಿಗೆ 144, ನ್ಯೂವಾರ್ಕ್ ಕಡೆಗೆ 49. ನೀವು ನೇರ ವಾಷಿಂಗ್ಟನ್ನಿಗೆ ಅರ್ಜಿ ಹಾಕೋ ಹಂಗಿಲ್ಲ, ಗ್ರಾಂಟೀ ಮೂಲಕವೇ ಹೋಗಬೇಕು. ಯಾರ್ಡ್ ನಡೆಸೋ ನೀವು ಆಪರೇಟರ್, ಕಾರು ತರಿಸೋ ಕಂಪನಿ ಬೇರೆ ಆಗಿದ್ರೆ ಅವರು ಯೂಸರ್.

ನಮ್ಮ ದೇಶದ ಎಸ್‌ಇಝಡ್ ನೋಡಿದವರಿಗೆ ಒಂದು ಎಚ್ಚರಿಕೆ, ಅಲ್ಲಿನ ಕಲ್ಪನೆ ಇಲ್ಲಿಗೆ ತರಬೇಡಿ. ಅಮೆರಿಕದ ಝೋನಲ್ಲಿ ಆದಾಯ ತೆರಿಗೆ ರಜೆ ಇಲ್ಲ, ಕಾರ್ಮಿಕ ಕಾನೂನು ಪರಿಸರ ಕಾನೂನು ಎಲ್ಲ ಹಾಗೇ ಇರತ್ತೆ. ಡ್ಯೂಟಿ ವಿಷಯಕ್ಕೆ ಮಾತ್ರ ಆ ಜಾಗ ದೇಶದ ಹೊರಗಿದ್ದಂಗೆ.

ಹಂತ 1: ನಿಮ್ಮ ಯಾರ್ಡಲ್ಲಿ ನಡೆಯೋದು ಪ್ರೊಡಕ್ಷನ್ನಾ ಅಲ್ವಾ

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ, ಎಷ್ಟೋ ಜನ ಇದನ್ನ ಕೊನೆಗೆ ಇಟ್ಕೊಳ್ತಾರೆ. ಬೋರ್ಡಿನ ನಿಯಮ ಇರೋದು 15 ಸಿಎಫ್‌ಆರ್ (ಅಮೆರಿಕದ ಫೆಡರಲ್ ನಿಯಮಗಳ ಸಂಹಿತೆ) ಭಾಗ 400ರಲ್ಲಿ. ಅದರ ಪ್ರಕಾರ ವಿದೇಶಿ ವಸ್ತು ಬೇರೆಯೇ ವಸ್ತುವಾಗಿ ಬದಲಾದ್ರೆ, ಅಥವಾ ಕೆಲಸದಿಂದ ಅದರ ಕಸ್ಟಮ್ಸ್ ವರ್ಗೀಕರಣ ಬದಲಾದ್ರೆ, ಅಥವಾ ಮುಂಚೆ ದೇಶದೊಳಗೆ ಬರೋ ಅರ್ಹತೆ ಇಲ್ಲದ್ದು ಅರ್ಹ ಆದ್ರೆ ಅದು ಪ್ರೊಡಕ್ಷನ್, ಅದಕ್ಕೆ ಬೇರೆ ನೋಟಿಫಿಕೇಶನ್ ಕೊಡಬೇಕು, 120 ದಿನದ ಪ್ರಕ್ರಿಯೆ.

ತೊಳೆಯೋದು, ಇನ್‌ಸ್ಪೆಕ್ಷನ್, ಪೇಂಟ್ ಟಚಪ್, ಸ್ಟಿಕ್ಕರ್ ಇವ್ಯಾವ್ದೂ ಪ್ರೊಡಕ್ಷನ್ ಅಲ್ಲ, ಕಾರು ಕಾರಾಗೇ ಇರತ್ತೆ. ತೊಡಕು ಬರೋದು ಆಕ್ಸೆಸರಿಯಲ್ಲಿ. ವಿದೇಶಿ ಮ್ಯಾಟು, ಸ್ಟೀರಿಯೋ, ಟೈರು ಇವಕ್ಕೆ ಡ್ಯೂಟಿ ಪಟ್ಟಿಯಲ್ಲಿ ತಮ್ಮದೇ ಶೀರ್ಷಿಕೆ ಇದೆ, ಅವನ್ನ ಝೋನ್ ಸ್ಟೇಟಸಲ್ಲಿ ತಂದು ಕಾರಿಗೆ ಹಾಕಿದ್ರೆ ಅವು ಕಾರಿನ ಶೀರ್ಷಿಕೆಯಲ್ಲಿ ಹೊರಗೆ ಹೋಗತ್ವೆ, ಅಂದ್ರೆ ಆ ಆಕ್ಸೆಸರಿಯ ವರ್ಗೀಕರಣ ಬದಲಾಯ್ತು. ಹಿಂದೆ ಹೆಚ್ಚು ಡ್ಯೂಟಿಯ ಸಾಮಾನು 2.5%ಗೆ ಇಳಿಯತ್ತೆ ಅಂತ ಇದನ್ನ ಬೇಕಂತ್ಲೇ ಮಾಡೋರು, ಈಗ ಕಾರಿನ ಡ್ಯೂಟಿನೇ ಅಷ್ಟಿರೋವಾಗ, ಮೇಲೆ ಸೆಕ್ಷನ್ 301 ಅಡಿಯಲ್ಲಿ ಹೆಚ್ಚುವರಿ ಡ್ಯೂಟಿ ಇರೋ ಚೀನಾದ ಮಾಲು ಮತ್ತು ಆಂಟಿಡಂಪಿಂಗ್ ಡ್ಯೂಟಿ (ತೀರಾ ಕಮ್ಮಿ ಬೆಲೆಗೆ ಸುರಿಯೋದನ್ನ ತಡೆಯೋ ಡ್ಯೂಟಿ) ಇರೋ ಟೈರುಗಳಂಥದ್ದೆಲ್ಲಾ ಪ್ರಿವಿಲೆಜ್ಡ್ ಫಾರಿನ್ ಆಗಿಯೇ ಬರಬೇಕಾಗಿರೋವಾಗ, ಇದರಲ್ಲಿ ಹುರುಳಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಆಕ್ಸೆಸರಿಗಳನ್ನ ಡ್ಯೂಟಿ ಕಟ್ಟಿ ಡೊಮೆಸ್ಟಿಕ್ ಸ್ಟೇಟಸಲ್ಲಿ ಒಳಗೆ ತನ್ನಿ. ಅವಕ್ಕೆ ಅಡ್ಮಿಶನ್ ಫಾರ್ಮ್ ಬೇಡ, ಕಾರು ಹೊರಗೆ ಹೋಗೋವಾಗ ಅವುಗಳ ಬೆಲೆನೂ ಝೋನೊಳಗೆ ಮಾಡಿದ ಕೂಲಿನೂ ಕಾರಿನ ಡ್ಯೂಟಿ ಬೆಲೆಗೆ ಸೇರಲ್ಲ, 120 ದಿನದ ಪ್ರಶ್ನೆಯಿಂದ್ಲೂ ದೂರ ಇರ್ತೀರಿ. ಅನುಮಾನ ಇರೋ ಒಂದೆರಡು ಕೆಲಸ ಇದ್ರೆ ಬೋರ್ಡಿನ ಎಕ್ಸಿಕ್ಯುಟಿವ್ ಸೆಕ್ರೆಟರಿಗೆ ಬರೆದು ಸ್ಕೋಪ್ ಬಗ್ಗೆ ನಿರ್ಣಯ ಕೇಳಬಹುದು, ಬರವಣಿಗೆಯಲ್ಲಿ ಉತ್ತರ ತಗೊಂಡಿಟ್ಕೊಳ್ಳಿ.

ಸೀಟು ತೆಗೆಯೋದು, ಹಾಕೋದು, ವ್ಯಾನನ್ನ ಸರಕು ಗಾಡಿ ಮಾಡೋದು ಇದ್ಯಾವುದನ್ನೂ ಸಣ್ಣ ಕೆಲಸ ಅಂದ್ಕೋಬೇಡಿ. ಮೂಲ ಡ್ಯೂಟಿ ಪ್ಯಾಸೆಂಜರ್ ಗಾಡಿಗೆ 2.5%, ಟ್ರಕ್ಕಿಗೆ 1964ರಿಂದ 25%. ಫೋರ್ಡ್ ಕಂಪನಿ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನ ಹಿಂದಿನ ಸೀಟಿನ ಜೊತೆ ಪ್ಯಾಸೆಂಜರ್ ಗಾಡಿ ಅಂತ ಬಾಲ್ಟಿಮೋರಿಗೆ ತರಿಸಿ, ಕ್ಲಿಯರ್ ಆದ್ಮೇಲೆ ಸೀಟು ಕಿತ್ತು ಕಾರ್ಗೋ ವ್ಯಾನ್ ಮಾಡ್ತಿತ್ತು, 2019ರಲ್ಲಿ ಮೇಲ್ಮನವಿ ಕೋರ್ಟಲ್ಲಿ ಸೋತು 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡ್ಕೊಳ್ತು. ಅದು ಝೋನ್ ಕೇಸ್ ಅಲ್ಲ, ಆದ್ರೆ ಪ್ರೆಪ್ ಹಂತದ ಒಂದು ಕೆಲಸ ಗಾಡಿಯ ವರ್ಗವನ್ನೇ ಎತ್ತಿ ಹಾಕಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಂಗೊತ್ತಿಲ್ಲ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಹೊಂದದ ಕಾರನ್ನ ಒಳಗೆ ತಂದು ಸರಿಮಾಡೋದೂ ಪ್ರೊಡಕ್ಷನ್ನೇ, ಯಾಕಂದ್ರೆ ಅರ್ಹತೆ ಬದಲಾಗತ್ತೆ.

ಹಂತ 2: ಗ್ರಾಂಟೀ ಮತ್ತು ಪೋರ್ಟ್ ಡೈರೆಕ್ಟರ್ ಜೊತೆ ಮಾತು

ಹೆಚ್ಚಿನ ಝೋನುಗಳು ಈಗ ಆಲ್ಟರ್ನೇಟಿವ್ ಸೈಟ್ ಫ್ರೇಮ್‌ವರ್ಕ್ ಅನ್ನೋ ಪದ್ಧತಿಗೆ ಬಂದಿವೆ, 2009ರ ಸುಮಾರಿಗೆ ಶುರುವಾಗಿದ್ದು. ಇದ್ರಲ್ಲಿ ಗ್ರಾಂಟೀಗೆ ಕೆಲವು ಕೌಂಟಿಗಳ ಒಂದು ಸರ್ವೀಸ್ ಏರಿಯಾ ಇರತ್ತೆ, ನಿಮ್ಮ ಯಾರ್ಡ್ ಅದರೊಳಗಿದ್ರೆ ಯೂಸೇಜ್ ಡ್ರಿವನ್ ಸೈಟ್ (ಒಂದು ಕಂಪನಿಯ ಬಳಕೆಗೆ ಅಂತ ಸೇರಿಸೋ ಜಾಗ) ಅಂತ ಮೈನರ್ ಬೌಂಡರಿ ಮಾಡಿಫಿಕೇಶನ್, ಅಂದ್ರೆ ಝೋನಿನ ಗಡಿಯ ಸಣ್ಣ ತಿದ್ದುಪಡಿಗೆ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 30 ದಿನದಲ್ಲಿ ಮುಗಿಯೋ ದಾರಿ. ಸಬ್‌ಝೋನ್ (ಒಂದು ಕಂಪನಿಯ ಬಳಕೆಗೆ ಕೊಡೋ ಪ್ರತ್ಯೇಕ ಝೋನ್ ಜಾಗ) ಅಂತ ಕೇಳಿದ್ರೆ ಫೆಡರಲ್ ರಿಜಿಸ್ಟರಲ್ಲಿ (ಅಮೆರಿಕ ಸರ್ಕಾರದ ಗೆಜೆಟ್) ಪ್ರಕಟಣೆ, 40 ದಿನ ಸಾರ್ವಜನಿಕರ ಅಭಿಪ್ರಾಯ, ಒಟ್ಟು ಮೂರರಿಂದ ಐದು ತಿಂಗಳು. ಕಾರು ಯಾರ್ಡಿನವರು ಗ್ರಾಂಟೀಗೆ ಕೇಳಲೇಬೇಕಾದ ಪ್ರಶ್ನೆ: ಆಕ್ಟಿವೇಶನ್ ಮಿತಿಯಲ್ಲಿ (ಆ ಝೋನಲ್ಲಿ ಒಟ್ಟು ಚಾಲೂ ಮಾಡಬಹುದಾದ ಜಾಗ) ಎಷ್ಟು ಎಕರೆ ಬಾಕಿ ಇದೆ? ಸಾಮಾನ್ಯವಾಗಿ ಒಂದು ಝೋನಿಗೆ 2,000 ಎಕರೆ, ಗೋಡೌನಿನವರಿಗೆ ಹತ್ತು ಎಕರೆ ಸಾಕು, ನಮಗೆ ಇನ್ನೂರು ಬೇಕಾಗಬಹುದು.

ಗ್ರಾಂಟೀ ಪ್ರಕಟಿಸಿರೋ ಝೋನ್ ಶೆಡ್ಯೂಲ್ ಓದಿ, ವಾರ್ಷಿಕ ಫೀಸ್ ಅದರಲ್ಲೇ ಇರತ್ತೆ. ಅದೇ ವಾರ ಸ್ಥಳೀಯ ಸಿಬಿಪಿ ಪೋರ್ಟ್ ಡೈರೆಕ್ಟರ್ ಕಚೇರಿಗೂ ಹೋಗಿ. ಅರ್ಜಿಗೆ ಅವರ ಅಭಿಪ್ರಾಯ ಪತ್ರ ಬೇಕು, ಅದಕ್ಕಿಂತ ಹೆಚ್ಚಾಗಿ ಮುಂದೆ ಆಕ್ಟಿವೇಶನ್ ಕೊಡೋರು ಅವರೇ. ನಕ್ಷೆ ಹರಡಿ, ಹಡಗಿಂದ ಕಾರು ಯಾವ ಗೇಟಲ್ಲಿ ಬರತ್ತೆ, ರೈಲಿಗೆ ಯಾವ ಕಡೆಯಿಂದ ಹೋಗತ್ತೆ ಅಂತ ತೋರಿಸಿ ಅವರ ಆಕ್ಷೇಪಣೆಗಳನ್ನ ಅರ್ಜಿ ಹಾಕೋಕೆ ಮುಂಚೆನೇ ಕೇಳಿಸ್ಕೊಳ್ಳಿ.

ಹಂತ 3: ಅರ್ಜಿ

ಇದು ನೀವಂದ್ಕೊಂಡಷ್ಟು ದೊಡ್ಡದಲ್ಲ. ಗ್ರಾಂಟೀಯ ಪತ್ರ, ಜಾಗದ ವಿಳಾಸ ಮತ್ತು ಎಕರೆ, ಗಡಿಯನ್ನ ಕೆಂಪು ಗೆರೆಯಲ್ಲಿ ಗುರುತಿಸಿದ ನಕ್ಷೆ, ಜಾಗ ನಿಮ್ಮದೋ ಲೀಸೋ ಅನ್ನೋ ದಾಖಲೆ, ಏನು ಕೆಲಸ ನಡೆಯತ್ತೆ ಅನ್ನೋ ವಿವರಣೆ, ಪ್ರೊಡಕ್ಷನ್ ಇಲ್ಲ ಅಂತ ಸ್ಪಷ್ಟ ಮಾತು. ಸ್ಟಾಕಿನ ಮೇಲೆ ಸ್ಥಳೀಯ ತೆರಿಗೆ ಇರೋ ರಾಜ್ಯಗಳಲ್ಲಿ, ಟೆಕ್ಸಾಸ್ ಥರ, ಇನ್ನೊಂದು ಕೆಲಸ ಇದೆ: ಝೋನೊಳಗಿನ ಆಮದು ಮಾಲಿಗೆ ಆ ತೆರಿಗೆ ವಿನಾಯಿತಿ ಫೆಡರಲ್ ಕಾಯ್ದೆಯಲ್ಲೇ ಇದೆ, ಹಾಗಾಗಿ ಆದಾಯ ಕಳ್ಕೊಳ್ಳೋ ಕೌಂಟಿ, ಶಾಲಾ ಜಿಲ್ಲೆಗಳಿಂದ ಆಕ್ಷೇಪಣೆ ಇಲ್ಲ ಅಂತ ಪತ್ರ ತರಬೇಕಾಗತ್ತೆ. ಶಾಲೆಯವರು ಸುಮ್ಮನೆ ಸಹಿ ಹಾಕಲ್ಲ, ಹಾಕಬೇಕಾಗೂ ಇಲ್ಲ, ಅವರ ದುಡ್ಡಿಗೆ ಏನಾಗತ್ತೆ ಅಂತ ಪ್ರಾಮಾಣಿಕವಾಗಿ ಲೆಕ್ಕ ತೋರಿಸಿ ಒಂದು ಒಪ್ಪಂದಕ್ಕೆ ಬನ್ನಿ. ಇದಕ್ಕೆ ಬೋರ್ಡಿನ ಮಂಜೂರಾತಿಗಿಂತ ಜಾಸ್ತಿ ಸಮಯ ಹಿಡಿಯಬಹುದು.

ಹಂತ 4: ಆಕ್ಟಿವೇಶನ್, ಇಲ್ಲೇ ಬೆವರು ಇಳಿಯೋದು

ಬೋರ್ಡಿನ ಪತ್ರ ಬಂದ ದಿನ ನಿಮ್ಮ ಯಾರ್ಡಲ್ಲಿ ಏನೂ ಬದಲಾಗಲ್ಲ. 19 ಸಿಎಫ್‌ಆರ್ ಭಾಗ 146ರ ಪ್ರಕಾರ ಸಿಬಿಪಿ ಆಕ್ಟಿವೇಟ್ ಮಾಡೋ ತನಕ ಒಂದು ಕಾರನ್ನೂ ಝೋನ್ ಸ್ಟೇಟಸಲ್ಲಿ ಒಳಗೆ ತಗೊಳ್ಳೋ ಹಂಗಿಲ್ಲ. ಅವರು ಕೇಳೋದು: ಬ್ಲೂಪ್ರಿಂಟ್, ಜವಾಬ್ದಾರಿ ಹೊತ್ತವರ ಹಿನ್ನೆಲೆ ಪರಿಶೀಲನೆ, ಗ್ರಾಂಟೀ ಒಪ್ಪಿಗೆ, ಆಪರೇಟರ್ ಬಾಂಡ್ (ಶ್ಯೂರಿಟಿ ಕಂಪನಿ ಕಸ್ಟಮ್ಸ್‌ಗೆ ಕೊಡೋ ಖಾತರಿ ಪತ್ರ), ಮತ್ತು ಯಾರ್ಡಲ್ಲಿ ಕೆಲಸ ಹೇಗೆ ನಡೆಯತ್ತೆ ಅಂತ ಬರೆದ ಪ್ರೊಸೀಜರ್ಸ್ ಮ್ಯಾನ್ಯುಯಲ್.

ಈ ಮ್ಯಾನ್ಯುಯಲನ್ನ ಬೇರೆ ಕಂಪನಿಯದ್ದು ಕಾಪಿ ಮಾಡಿ ಹೆಸರು ಬದಲಾಯಿಸಿ ಕೊಡೋರಿದ್ದಾರೆ, ದಯವಿಟ್ಟು ಹಂಗೆ ಮಾಡ್ಬೇಡಿ. ಬಟ್ಟೆ ಗೋಡೌನಿನ ಮ್ಯಾನ್ಯುಯಲಲ್ಲಿ ಫಸ್ಟ್ ಇನ್ ಫಸ್ಟ್ ಔಟ್ ಲೆಕ್ಕ ಇರತ್ತೆ, ಕಾರಿಗೆ ಅದು ಬೇಡ, ಪ್ರತಿ ಕಾರಿಗೂ 17 ಅಕ್ಷರದ ತನ್ನದೇ ವಿನ್ ಇರೋವಾಗ ಅದೇ ಗುರುತು. ಒಂದು ವಿನ್ ತಗೊಂಡು ಪೂರ್ತಿ ದಾರಿ ಬರೀರಿ. ಹಡಗಿನ ಮ್ಯಾನಿಫೆಸ್ಟಲ್ಲಿ ಬಂತು, ಸಿಬಿಪಿ 214 ಫಾರ್ಮಲ್ಲಿ ಅಡ್ಮಿಟ್ ಆಯ್ತು, ಗೇಟಲ್ಲಿ ಸ್ಕ್ಯಾನ್ ಆಯ್ತು, ಇಂಥ ಸಾಲು ಇಂಥ ಜಾಗದಲ್ಲಿ ನಿಂತ್ತು, ವಾಶ್‌ಗೆ ಹೋಯ್ತು, ಆಕ್ಸೆಸರಿ ಹಾಕೋ ಜಾಗಕ್ಕೆ ಹೋಯ್ತು, ರಿಲೀಸ್ ಆಯ್ತು, ಟ್ರಕ್ ನಂಬರ್ ಇದು. ಮಧ್ಯೆ ಮ್ಯಾನಿಫೆಸ್ಟಲ್ಲಿ ಇದ್ದು ಹಡಗಿಂದ ಇಳಿಯದ ಕಾರಿಗೆ ಏನು ಮಾಡ್ತೀರಿ, ಇಳಿದು ಮ್ಯಾನಿಫೆಸ್ಟಲ್ಲಿ ಇಲ್ಲದ್ದಕ್ಕೆ ಏನು, ಸ್ಕ್ಯಾನರ್ ಓದದೆ ಕೈಯಲ್ಲಿ ಟೈಪ್ ಮಾಡಿ ಒಂದು ಅಕ್ಷರ ತಪ್ಪಾದ್ರೆ ಯಾರು ಹಿಡೀತಾರೆ, ಇದೆಲ್ಲಾ ಬರೀರಿ. ಕಾರು ಕಾಣೆಯಾದ್ರೆ ಅಥವಾ ಕಳುವಿನ ಅನುಮಾನ ಬಂದ್ರೆ ತಕ್ಷಣ ಸಿಬಿಪಿಗೆ ತಿಳಿಸಬೇಕು, ಲೆಕ್ಕ ಸಿಗದ ಕಾರಿನ ಡ್ಯೂಟಿಗೆ ಆಪರೇಟರೇ ಹೊಣೆ.

ಯಾರ್ಡ್ ಗಡಿ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬೇಲಿ, ಗೇಟು, ಕ್ಯಾಮೆರಾ ಸರಿ, ಅದಕ್ಕಿಂತ ಮುಖ್ಯ ಅಂದ್ರೆ ಡ್ರೈವರುಗಳಿಗೆ ಆಕ್ಟಿವೇಟ್ ಆದ ಜಾಗ ಎಲ್ಲಿಗೆ ಮುಗಿಯತ್ತೆ ಅಂತ ಗೊತ್ತಿರಬೇಕು. ಡೆಂಟ್ ತೆಗೆಸೋಕೆ ರಸ್ತೆ ಆಚೆ ಇರೋ ಬಾಡಿ ಶಾಪಿಗೆ ಕಾರು ಓಡಿಸ್ಕೊಂಡು ಹೋಗೋದು ಎಲ್ಲ ಯಾರ್ಡಲ್ಲೂ ಮಾಮೂಲು, ಝೋನಾದ್ಮೇಲೆ ಅದೇ ಪೇಪರ್ ಇಲ್ಲದೆ ಹೊರಗೆ ಹೋದ ಕಾರು. ಬಾಡಿ ಶಾಪನ್ನ ಮೊದಲೇ ನಕ್ಷೆಯೊಳಗೆ ಸೇರಿಸಿಬಿಡಿ. ಝೋನೊಳಗೆ ಗಿರಾಕಿಗಳಿಗೆ ಚಿಲ್ಲರೆ ಮಾರಾಟಕ್ಕೂ ಕಾನೂನಲ್ಲಿ ತಡೆ ಇದೆ.

ಆಪರೇಟರ್ ಬಾಂಡ್ ಬೇರೆ, ಕಾರು ಆಮದು ಮಾಡೋರ ಬಾಂಡ್ ಬೇರೆ. ಆಮದುದಾರರ ಬಾಂಡ್ ಹಿಂದಿನ 12 ತಿಂಗಳಲ್ಲಿ ಕಟ್ಟಿದ ಡ್ಯೂಟಿ ಮತ್ತು ಫೀಸಿನ 10% ಲೆಕ್ಕದಲ್ಲಿ ನಿಗದಿಯಾಗತ್ತೆ, ಡ್ಯೂಟಿ ಏರಿದಂಗೆ ಬಾಂಡೂ ಏರತ್ತೆ, ಶ್ಯೂರಿಟಿ ಕಂಪನಿ ಅಡಮಾನ ಕೇಳಬಹುದು. ಶೀಟಿನ ಖರ್ಚಿನ ಕಾಲಮ್ಮಲ್ಲಿ ಇದನ್ನ ಸೇರಿಸಿ.

ಹಂತ 5: ಚಾಲೂ ಆದ್ಮೇಲೆ

ಮೊದಲ ಹಡಗು ಬರೋಕ್ಮುಂಚೆ ಯಾರ್ಡಲ್ಲಿರೋ ಡ್ಯೂಟಿ ಕಟ್ಟಿದ ಹಳೇ ಕಾರುಗಳನ್ನ ಸಿಸ್ಟಮ್ಮಲ್ಲಿ ಡೊಮೆಸ್ಟಿಕ್ ಅಂತ ಗುರುತು ಹಾಕಿ ಬೇರೆ ಇಡಿ. ಮಾಲು ನಿಮ್ಮದೇ ಆಗಿದ್ರೆ ಡೈರೆಕ್ಟ್ ಡೆಲಿವರಿ ಅನುಮತಿಗೆ ಕೇಳಿ, ಇಲ್ಲಾಂದ್ರೆ ಪ್ರತಿ ಹಡಗಿಗೂ ಅನುಮತಿ ಬಂದ್ಮೇಲೇ ಕಾರು ಒಳಗೆ ತಗೋಬೇಕು, ಹಡಗು ಇಳಿಸೋ ಹೊತ್ತಲ್ಲಿ ಅದು ಕಷ್ಟ. ಒಳಗೆ ಮಾಡೋ ಕೆಲಸಕ್ಕೆ 216 ಫಾರ್ಮಲ್ಲಿ ಪರ್ಮಿಟ್. ವಾರದ ಎಂಟ್ರಿಯಲ್ಲಿ ಆ ಏಳು ದಿನ ಎಷ್ಟು ಕಾರು ಹೊರಗೆ ಹೋಗಬಹುದು ಅಂತ ಅಂದಾಜು ಕೊಡ್ತೀರಿ, ಅದು 06 ಟೈಪ್ ಎಂಟ್ರಿ, ಅಂದಾಜು ಮೀರಿದ್ರೆ ಇನ್ನೊಂದು ಎಂಟ್ರಿ ಮಾಡದೆ ಕಾರು ಬಿಡೋ ಹಂಗಿಲ್ಲ. ತಿಂಗಳ ಕೊನೆಯಲ್ಲಿ ಸೇಲ್ಸಿನವರು ಒಂದೇ ಸಲ ಟ್ರಕ್ ಕಳಿಸ್ತಾರೆ, ಹಾಗಾಗಿ ಆ ವಾರದ ಅಂದಾಜನ್ನ ಸೇಲ್ಸ್ ಟೀಮ್ ಜೊತೆ ಕೂತೇ ಹಾಕಿ. ಸುರಕ್ಷತೆಗೆ ಎಚ್‌ಎಸ್-7, ಹೊಗೆ ಮಾಲಿನ್ಯಕ್ಕೆ 3520-1, ಈ ಎರಡು ಘೋಷಣಾ ಫಾರ್ಮುಗಳು ವಿನ್ ಜೊತೆಗೇ ಸಿಸ್ಟಮ್ಮಲ್ಲಿ ಇರಲಿ.

ಯಾರ್ಡ್ ಎಣಿಕೆಗೆ ವರ್ಷದ ಕೊನೆ ತನಕ ಕಾಯಬೇಡಿ, ಪ್ರತಿ ವಾರ ಒಂದೆರಡು ಸಾಲು ಎಣಿಸಿ ಸಿಸ್ಟಮ್ ಜೊತೆ ತಾಳೆ ನೋಡ್ತಾ ಬನ್ನಿ. ಝೋನ್ ವರ್ಷ ಮುಗಿದ 90 ದಿನದೊಳಗೆ ವಾರ್ಷಿಕ ರಿಕನ್ಸಿಲಿಯೇಶನ್ (ಇಡೀ ವರ್ಷದ ಮಾಲಿನ ಲೆಕ್ಕ ತಾಳೆ ಮಾಡಿದ ವರದಿ) ತಯಾರಾಗಬೇಕು, ಅದರ ಜೊತೆ ಸಿಸ್ಟಮ್ ರಿವ್ಯೂ, ದಾಖಲೆಗಳನ್ನ 5 ವರ್ಷ ಇಟ್ಕೋಬೇಕು. ಗ್ರಾಂಟೀ ಕೂಡ ಪ್ರತಿ ವರ್ಷ ಬೋರ್ಡಿಗೆ ವರದಿ ಕೊಡ್ತಾರೆ, ಎಷ್ಟು ಬೆಲೆಯ ಮಾಲು ಬಂತು, ಎಷ್ಟು ದೇಶದೊಳಗೆ ಹೋಯ್ತು, ಎಷ್ಟು ರಫ್ತಾಯ್ತು ಅನ್ನೋ ಅಂಕಿಗಳನ್ನ ನಿಮ್ಮಿಂದ್ಲೇ ಕೇಳ್ತಾರೆ. ಸಾಫ್ಟ್‌ವೇರ್ ಕೊಳ್ಳೋವಾಗ್ಲೇ ಆ ವರದಿಯನ್ನ ಟೆಸ್ಟ್ ಡೇಟಾದಲ್ಲಿ ತೆಗೆದು ತೋರಿಸಿ ಅಂತ ಮಾರೋರಿಗೆ ಹೇಳಿ, ತೋರಿಸೋಕೆ ಆಗದಿದ್ರೆ ಬೇರೆಯವರನ್ನ ನೋಡಿ.